ಐದು ಸೆಕೆಂಡು ಮೊದಲು

ಬಾಕ್ಸಿಂಗ್ ಸತ್ತೇಹೋಯಿತು ಎಂದು ಯಾರಾದರೂ ಬಾಯಿಬಿಟ್ಟರೆ ಗಂಟೆಯಜ್ಜನಿಗೆ ಮೂಗಿನ ತುದಿಯಲ್ಲಿ ಸಿಟ್ಟು. "ಸತ್ತಿದ್ರೆ ನಾನ್ಯಾಕಪ್ಪ ಇನ್ನೂ ಗಂಟೆ ಹೊಡೀತಿದ್ದೆ?" ಎನ್ನುತ್ತಾನೆ. ನಲವತ್ತು ವರ್ಷದಿಂದ ರಿಂಗಿನ ಪಕ್ಕ ಅದೇ ಕುಂಟು ಮೇಜು, ಅದೇ ಹಿತ್ತಾಳೆ ಗಂಟೆ, ಅದೇ ಸ್ಟಾಪ್‌ವಾಚು. ಶುರುವಿನ ವರ್ಷಗಳಲ್ಲಿ ಟಿಕೆಟ್ ಸಿಗದವರು ಕಿಟಕಿ ಸರಳಿಗೆ ಬಾವಲಿಗಳಂತೆ ಜೋತುಬಿದ್ದು ನೋಡುತ್ತಿದ್ದರು. ಆಮೇಲೆ ಬಹಳ ವರ್ಷ ಖಾಲಿ ಕುರ್ಚಿಗಳೇ ಪ್ರೇಕ್ಷಕರು. ಈಗ ಮೊಬೈಲ್ ವಿಡಿಯೊಗಳಲ್ಲಿ ಹೆಸರು ಮಾಡಿದವರು ಗ್ಲೌಸ್ ತೊಟ್ಟಿದ್ದೇ ತಡ, ಸಭಾಂಗಣ ಮತ್ತೆ ಕಿಕ್ಕಿರಿದಿದೆ. "ಜನ ವಾಪಸ್ ಬಂದ್ರಲ್ಲ ಅಜ್ಜ, ಖುಷಿನಾ?" ಎಂದರೆ, "ಬಂದ್ರಪ್ಪ. ಕುರ್ಚಿ ಬಿಸಿಯಾಗೋ ಮುಂಚೆನೇ ರಕ್ತ ಎಲ್ಲಿ ಅಂತಾರೆ" ಎಂದು ಗಂಟೆ ಒರೆಸುತ್ತಾನೆ. ಪ್ರತಿ ಸುತ್ತನ್ನೂ ಅವನು ಐದು ಸೆಕೆಂಡು ಮೊದಲೇ ಮುಗಿಸುತ್ತಾನೆ. "ಇನ್ನೊಂದ್ಸಲ ಹೀಗೆ ಮಾಡಿದ್ರೆ ನಾಳೆಯಿಂದ ಬರ್ಬೇಡಿ" ಎಂದು ಸಂಘಟಕರು ಗದರಿದ್ದಾರೆ. "ವಾಚು ಹಳೇದು ಸ್ವಾಮಿ, ನನ್ ಹಾಗೇನೇ" ಎಂದು ಹಲ್ಲು ಕಿರಿದು, ಮುಂದಿನ ಸುತ್ತಿಗೂ ಅಷ್ಟೇ ಮೊದಲು ಬಾರಿಸುತ್ತಾನೆ. ವಾಚೇನೋ ಸರಿಯಾಗಿಯೇ ಇದೆ. ಕಿಟಕಿಗೆ ಜನ ಜೋತುಬಿದ್ದಿದ್ದ ಆ ಕಾಲದಲ್ಲಿ ಒಂದು ದಿನ, ಅವರ ಕೂಗಿಗೆ ತಾನೂ ಮೈಮರೆತು ಅವನು ಐದು ಸೆಕೆಂಡು ತಡವಾಗಿ ಗಂಟೆ ಹೊಡೆದಿದ್ದ. ಅಷ್ಟರಲ್ಲಿ ತಲೆಗೆ ಏಟು ತಿಂದು ಬಿದ್ದವನು ಅವನ ಸ್ವಂತ ತಮ್ಮ. ಇವತ್ತಿಗೂ ಆ ತಮ್ಮನ ಅಂಗಿಗೆ ಗುಂಡಿ ಹಾಕಿ, ಬಾಯಿಗೆ ತುತ್ತಿಟ್ಟ ಮೇಲೆಯೇ ಅಜ್ಜ ಗಂಟೆ ಹೊಡೆಯಲು ಹೊರಡುತ್ತಾನೆ.