ಪಾತ್ರೆ ತೊಳೆಯುವ ಮಿಶನ್ನು ಮತ್ತು ನಿಮ್ಮ ಕಡಬದ ಅಜ್ಜಿ

ಮುಖ ನೋಡಿಕೊಂಡು ಮಾತಾಡಲು ನನಗೆ ಬರುವುದಿಲ್ಲ, ಮಕ್ಕಳೇ. ಮನೆಗೆ ಯಾರಾದರೂ ಬಂದರೆ ಕಾಫಿ ಕೊಟ್ಟು ಒಳಗೆ ಬಂದುಬಿಡುವವಳು ನಾನು. ಮರ್ಕಂಜದ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಆದರೆ ಕೈಯಲ್ಲಿ ಒಂದು ಕೆಲಸವಿದ್ದು, ಕಣ್ಣು ಆ ಕೆಲಸದ ಮೇಲಿದ್ದರೆ ಮಾತು ತಾನಾಗಿ ಬರುತ್ತದೆ.

ನಿಮ್ಮ ಅಜ್ಜ ಹೋದ ಮೇಲೆ ನಾನು ದರ್ಬೆಯ ಈ ಮನೆಗೆ ಬಂದೆ. ಮಧ್ಯಾಹ್ನದ ಊಟವಾದ ಮೇಲೆ ನಿಮ್ಮ ಅಮ್ಮ ಹೊಲಿಯುತ್ತಿದ್ದ ರವಕೆಗಳನ್ನು ಬದಿಗಿಟ್ಟು ಸಿಂಕಿನ ಹತ್ತಿರ ಬರುತ್ತಿದ್ದಳು. ನಾನು ತಿಕ್ಕುತ್ತಿದ್ದೆ, ಅವಳು ನೀರಲ್ಲಿ ಅಲುಬಿ ಕವುಚಿ ಹಾಕುತ್ತಿದ್ದಳು. ಇಬ್ಬರ ಮುಖವೂ ಗೋಡೆಯ ಕಡೆಗೆ. ಯಾರಿಗೂ ಹೇಳದ್ದನ್ನು ನಾನು ಅವಳಿಗೆ ಹೇಳಿದ್ದು ಆ ಗೋಡೆ ನೋಡಿಕೊಂಡೇ. ಅಜ್ಜ ಹೋದ ಮೇಲೂ ಎಷ್ಟೋ ದಿನ ನಾನು ಅವರಿಗೊಂದು ಲೋಟ ಕಾಫಿ ಹೆಚ್ಚಿಗೆ ಮಾಡಿ, ತಣ್ಣಗಾದ ಮೇಲೆ ನಾನೇ ಕುಡಿಯುತ್ತಿದ್ದದ್ದು ಅವಳಿಗೊಬ್ಬಳಿಗೇ ಗೊತ್ತು. ಅವಳೂ ನಿಮ್ಮ ಅಪ್ಪನ ಮೇಲಿನ ದೂರನ್ನೆಲ್ಲ ನನ್ನಲ್ಲೇ ಹೇಳುತ್ತಿದ್ದಳು. ದಿನಕ್ಕೆ ಅರ್ಧ ಗಂಟೆ. ನನ್ನ ಪಾಲಿಗೆ ಅಷ್ಟೇ ಇದ್ದದ್ದು.

ಆ ಅರ್ಧ ಗಂಟೆಯನ್ನು ತೆಗೆದುಕೊಂಡದ್ದು ಡಿಶ್‌ವಾಷರ್. ಅದು ನಮ್ಮ ಮನೆಗೆ ಬರುವಂತೆ ಮಾಡಿದ್ದು ನಿಮ್ಮ ಅಮ್ಮನ ಅಮ್ಮ, ನಿಮ್ಮ ಕಡಬದ ಅಜ್ಜಿ. ಅವರದು ದೊಡ್ಡ ಸ್ವರ, ದೊಡ್ಡ ನಗು. ಮದುವೆಯ ಚಪ್ಪರದಲ್ಲಿ ಅವರು ಎಲ್ಲಿ ಕೂತಿದ್ದಾರೆಂದು ಹುಡುಕಬೇಕಾಗಿಲ್ಲ. ಅವರ ಮನೆಗೆ ಈ ಮಿಶನ್ನು ಬಂದದ್ದೇ ತಡ, "ನನ್ನ ಮಗಳು ಇನ್ನೂ ಮುಸುರೆ ತಿಕ್ಕುದಾ?" ಎಂದು ದಿನಾ ಫೋನಿನಲ್ಲಿ ಶುರುವಾಯಿತು. ನಿಮ್ಮ ಅಪ್ಪ ಕೇಳಿ ಕೇಳಿ ಸಾಕಾಗಿ ಅಂಥದ್ದೇ ಒಂದನ್ನು ತಂದ.

ಅಂದಿನಿಂದ ಊಟವಾದ ಕೂಡಲೇ ನಿಮ್ಮ ಅಮ್ಮ ಫೋನು ಹಿಡಿದು ಜಗಲಿಯಲ್ಲಿ ಕೂರತೊಡಗಿದಳು. ವಿಡಿಯೋದಲ್ಲಿ ಕಡಬದ ಅಜ್ಜಿಯ ಮುಖ. ಒಳಗೆ ಮಿಶನ್ನು ಗುಂಯ್ ಎನ್ನುತ್ತಿತ್ತು, ಹೊರಗೆ ತಾಯಿ ಮಗಳು ನಗುತ್ತಿದ್ದರು. ನಾನು ಚಾಪೆಯ ಮೇಲೆ ಮಲಗಿ ಎರಡನ್ನೂ ಕೇಳುತ್ತಿದ್ದೆ. ಹೊಟ್ಟೆಕಿಚ್ಚು ಅಂದರೆ ಏನೆಂದು ಆ ವಯಸ್ಸಿನಲ್ಲಿ ನನಗೆ ಸರಿಯಾಗಿ ಗೊತ್ತಾಯಿತು.

ಸ್ವಲ್ಪ ದಿನದಲ್ಲೇ ಮಿಶನ್ನು ತನ್ನ ಗುಣ ತೋರಿಸಿತು. ಲೋಟದ ಮೇಲೆ ಮಂಜು ಕವಿದ ಹಾಗೆ ಬಿಳಿ ಪೊರೆ. ಕುಚ್ಚಲಕ್ಕಿ ಗಂಜಿಯ ಪಾತ್ರೆಯಲ್ಲಿ ಒಣಗಿದ ತಿಳಿ ಹಾಗೇ ಅಂಟಿರುತ್ತಿತ್ತು. ಸಾಂಬಾರಿನ ಪಾತ್ರೆಯ ಅಂಚಿನಲ್ಲಿ ಹಳದಿ ಗೀಟು. ನನಗೆ ಆದ ಸಂತೋಷ ಹೇಳಬಾರದು. ಇನ್ನು ಇದು ಮೂಲೆ ಸೇರುತ್ತದೆ, ಅವಳು ಸಿಂಕಿಗೆ ಬರುತ್ತಾಳೆ ಎಂದುಕೊಂಡೆ.

ಆದದ್ದು ತಿರುಗಾಮುರುಗ. ಮಿಶನ್ನಿನ ಕಾಯಿಲೆಯೇ ಅವರಿಬ್ಬರಿಗೆ ಹೊಸ ಮಾತಾಯಿತು. ಅರ್ಧ ಗಂಟೆಯ ಫೋನು ಒಂದು ಗಂಟೆಗೆ ಬೆಳೆಯಿತು. ಕಡಬದಿಂದ ಅಪ್ಪಣೆಯಾಗುವುದು, ಇಲ್ಲಿ ನಿಮ್ಮ ಅಮ್ಮ ಮಾಡುವುದು. ಅಡಿಯ ಜಾಲರಿಯನ್ನು ಬಿಚ್ಚಿ, ಸಿಕ್ಕಿದ್ದ ತೆಂಗಿನತುರಿಯನ್ನೂ ಕರಿಬೇವಿನೆಲೆಯನ್ನೂ ತೆಗೆದು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದಳು. ನೀರು ಚಿಮ್ಮುವ ತೂತುಗಳಿಗೆ ಸೂಜಿ ಹಾಕಿದಳು. ಪುಡಿ ಬದಲಿಸಿದಳು. ನಿಂಬೆರಸ ಹಾಕಿ ಖಾಲಿ ಮಿಶನ್ನನ್ನು ತಿರುಗಿಸಿದಳು. ಏನೂ ಆಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೂ ಕಡಬದ ಅಜ್ಜಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಉಂಡ ಬಟ್ಟಲನ್ನು ಎಂಜಲಿನ ಸಮೇತ ಒಂದು ಪೆಟ್ಟಿಗೆಯೊಳಗೆ ಮುಚ್ಚಿಡುವುದು ನಮ್ಮಂಥವರಿಂದ ಆಗದು. ಎಂಜಲು ಒಣಗಬಾರದು, ಅಡುಗೆಯ ಪಾತ್ರೆಗೆ ತಾಗಬಾರದು. ಹಾಗಾಗಿ ಎಲ್ಲವನ್ನೂ ಮೊದಲು ನೀರಲ್ಲಿ ತೊಳೆದೇ ಮಿಶನ್ನಿಗೆ ಇಡುತ್ತಿದ್ದೆವು. ರೋಗ ಹೆಚ್ಚಾದಂತೆ ಕಡಬದಿಂದ, "ಸೋಪು ಹಾಕಿಯೇ ತೊಳೆದು ಇಡು" ಎಂದು ಬಂತು. ಸೋಪು ಹಾಕಿದೆವು. ಪೊರೆ ಇನ್ನೂ ದಪ್ಪವಾಯಿತು.

ಒಂದು ದಿನ ಬಂಗುಡೆ ಸಾರಿನ ಊಟ. ನಿಮ್ಮ ಅಮ್ಮ ಕೈ ತೊಳೆದವಳೇ ಫೋನು ಹಿಡಿದು ಹೊರಗೆ ಹೋದಳು. ಜಗಲಿಯಿಂದ ಅವಳ ನಗು ಕೇಳಿತು. ನನ್ನ ಹತ್ತಿರ ಅವಳು ಹಾಗೆ ನಕ್ಕದ್ದು ಯಾವಾಗ ಎಂದು ಯೋಚಿಸಿದೆ. ನೆನಪಾಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮೀನಿನ ಮುಳ್ಳು, ಅಗುಳುಗಳನ್ನಷ್ಟೇ ತೆಗೆದು, ಸಾರು ಮೆತ್ತಿದ ಬಟ್ಟಲು, ಗಂಜಿಯ ಪಾತ್ರೆ ಎಲ್ಲವನ್ನೂ ನೀರು ತಾಗಿಸದೆ ಹಾಗೇ ಒಳಗೆ ಇಟ್ಟೆ. ಇನ್ನೂ ಗಲೀಜಾಗಿ ಬರಲಿ, ಇಬ್ಬರೂ ನೋಡಲಿ. ಅವಳು ಒತ್ತುವುದನ್ನು ನೋಡಿದ್ದೆ. ಪುಡಿ ಹಾಕಿ ನಾನೇ ಗುಂಡಿ ಒತ್ತಿದೆ.

ಮಿಶನ್ನು ನಿಂತ ಮೇಲೆ ಬಾಗಿಲು ತೆರೆದರೆ ಲೋಟಗಳು ಫಳಫಳ ಎನ್ನುತ್ತಿದ್ದವು. ಗಂಜಿಯ ಪಾತ್ರೆಯಲ್ಲಿ ನನ್ನ ಮುಖ ಕಂಡಿತು. ಮೀನಿನ ವಾಸನೆಯೂ ಇರಲಿಲ್ಲ. ನನ್ನ ಹೊಟ್ಟೆ ಉರಿಸುವುದಕ್ಕೇ ಈ ಮಿಶನ್ನು ಹುಟ್ಟಿದ್ದು ಎನಿಸಿತು. ಮರುದಿನ ತೊಳೆದು ಇಟ್ಟೆ, ಬಿಳಿ ಪೊರೆ ಬಂತು. ಅದರ ಮರುದಿನ ತೊಳೆಯದೆ ಇಟ್ಟೆ, ಫಳಫಳ. ವಿಷಯ ಗೊತ್ತಾಯಿತು. ಯಾರಿಗೂ ಹೇಳದೆ ಮತ್ತೆ ಸೋಪು ಹಾಕಿ ತೊಳೆದು ಇಡತೊಡಗಿದೆ. ಮಿಶನ್ನನ್ನು ವಾಪಸ್ ಕೊಡುವ ಮಾತು ಆಗಲೇ ಮನೆಯಲ್ಲಿ ಎದ್ದಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಆ ಭಾನುವಾರ ಕಡಬದ ಅಜ್ಜಿ ಬಸ್ಸು ಹಿಡಿದು ತಾವೇ ಬಂದರು.

"ಎಂತ ಅಕ್ಕಾ, ಸೌಖ್ಯವಾ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ನಡೆದರು. ಊಟವಾದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಿಶನ್ನಿನ ಬಾಗಿಲು ತೆರೆದರು.

"ನೀನು ತೊಳೆದದ್ದು ಸಾಲುದಿಲ್ಲ ಮಗಾ. ಲಾಯ್ಕ ತಿಕ್ಕಿ ಮತ್ತೆ ಇದರೊಳಗೆ ಇಡ್ಬೇಕು."

"ಅಷ್ಟು ತಿಕ್ಕಿದ ಮೇಲೆ ಇದರೊಳಗೆ ಎಂತಕ್ಕೆ ಇಡುದು ಅಮ್ಮ? ಪೂಜೆ ಮಾಡ್ಲಿಕ್ಕಾ?" ಎಂದು ನಿಮ್ಮ ಅಮ್ಮ ನಕ್ಕಳು.

"ಅದು ಬಿಸಿನೀರಲ್ಲಿ ಮೀಯಿಸ್ತದೆ. ನಿಂಗೆ ಎಂತ ಗೊತ್ತುಂಟು? ಆಗುದಿಲ್ವಾ, ವಾಪಸ್ ಕೊಡು. ನಮ್ಮದು ನೋಡು, ಕನ್ನಡಿ ಹಾಗೆ ಬರ್ತದೆ."

"ಸರಿ. ನಾಳೆ ಅಂಗಡಿಯವರಿಗೆ ಹೇಳ್ತೇನೆ."

ನನಗೆ ಬೇಕಾದ್ದು ಅದೇ. ಆದರೆ ಹಾಗೆ ಹೇಳುವಾಗ ನಿಮ್ಮ ಅಮ್ಮ ತನ್ನ ತಾಯಿಯ ಮುಖ ನೋಡಿದ ರೀತಿ ಇತ್ತಲ್ಲ, ಲೋಕದ ಎಲ್ಲ ಪ್ರಶ್ನೆಗೂ ಅಲ್ಲೇ ಉತ್ತರ ಇರುವ ಹಾಗೆ, ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

"ತೊಳೆಯದೆ ಇಡಿ," ಎಂದೆ.

ಇಬ್ಬರೂ ತಿರುಗಿದರು. "ಎಂತ ಹೇಳಿದ್ರಿ ಅಕ್ಕಾ?"

"ಮುಳ್ಳು, ಅಗುಳು ತೆಗೀರಿ. ನೀರು ತಾಗಿಸ್ಬೇಡಿ. ಹಾಗೇ ಇಡಿ."

"ಎಂಜಲು ಬಟ್ಟಲನ್ನಾ? ಅಯ್ಯೋ ದೇವರೇ! ನಾವು ಎಂತ ಜನ ಮಾರಾಯ್ರೆ?"

"ಒಮ್ಮೆ ನೋಡಿ. ಆಗದಿದ್ರೆ ಮತ್ತೆ ಹೇಳಿ."

ಕಡಬದ ಅಜ್ಜಿ ಮೂಗಿಗೆ ಸೆರಗು ಹಿಡಿದು ದೂರ ನಿಂತರು. ನಿಮ್ಮ ಅಮ್ಮ ಇಟ್ಟಳು. ಮಿಶನ್ನು ನಿಲ್ಲುವವರೆಗೆ ಮೂವರೂ ಚಹ ಕುಡಿಯುತ್ತಾ ಅಲ್ಲೇ ಕೂತೆವು. ಬಾಗಿಲು ತೆರೆದಾಗ ಕಡಬದ ಅಜ್ಜಿಯೇ ಒಂದು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಹೌದಲ್ಲ ಮಾರಾಯ್ರೆ," ಎಂದರು.

ನಿಮ್ಮ ಅಪ್ಪ ಮಿಶನ್ನಿನ ಪುಸ್ತಕ ಹುಡುಕಿ ಓದಿದ. ಅದು ಮೊದಲು ಬಿಟ್ಟ ನೀರು ಎಷ್ಟು ಕೊಳೆಯಾಗಿದೆ ಎಂದು ನೋಡಿಕೊಳ್ಳುತ್ತದಂತೆ. ನೀರು ತಿಳಿಯಾಗಿದ್ದರೆ ಹೆಚ್ಚು ತೊಳೆಯುವ ಅಗತ್ಯವಿಲ್ಲವೆಂದು ಮೇಲೆಮೇಲೆ ತೊಳೆದು ಮುಗಿಸುತ್ತದಂತೆ. ಕೈಸೋಪಿನ ನೊರೆ ಅದಕ್ಕೆ ಆಗಿಬರುವುದೇ ಇಲ್ಲವಂತೆ.

"ನಿಮ್ಮಲ್ಲಿ ಬಟ್ಟಲು ಇಡುದು ಯಾರು?" ಎಂದು ನಾನು ಕಡಬದ ಅಜ್ಜಿಯ ಮುಖ ನೋಡಿಯೇ ಕೇಳಿದೆ.

"ಸೊಸೆ. ನಾನು ಊಟ ಆದ ಕೂಡ್ಲೆ ಮಲಗ್ತೇನಲ್ಲ?"

ನಿಮ್ಮ ಅಮ್ಮ ಗೋಡೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಅತ್ತಿಗೆ ಎಂಜಲನ್ನೇ ಇಡುದು! ನಿಂಗೆ ಗೊತ್ತೇ ಇಲ್ಲ!"

"ಹೌದಾ? ಹೋಗಿ ಕೇಳ್ತೇನೆ ಅವಳಿಗೆ!"

"ಕೇಳ್ಬೇಡಿ," ಎಂದೆ ನಾನು. "ಕನ್ನಡಿ ಹಾಗೆ ಬರ್ತದಲ್ಲ."

ಕಡಬದ ಬಸ್ಸು ಹೊರಡುವವರೆಗೂ ನನ್ನ ಕಾಲು ನೆಲದ ಮೇಲಿರಲಿಲ್ಲ. ಮರುದಿನ ಊಟವಾದಾಗ ಇಳಿಯಿತು. ಮೊದಲು ಬಟ್ಟಲು ತೊಳೆಯುವ ನೆಪದಲ್ಲಾದರೂ ನಿಮ್ಮ ಅಮ್ಮ ಕೆಲವು ದಿನ ನನ್ನ ಬದಿಯಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಈಗ ಅದೂ ಬೇಡ. ಎಲ್ಲವನ್ನೂ ಹಾಗೇ ತುಂಬಿಸಿ, "ನೀವು ಹೇಳಿದ್ದು ಒಳ್ಳೇದಾಯ್ತು ಅತ್ತೆ," ಎಂದು ಹೊಗಳಿ, ಫೋನು ಹಿಡಿದು ಜಗಲಿಗೆ ಹೋದಳು. ಕಡಬದ ಅಜ್ಜಿಯನ್ನು ಒಂದು ದಿನ ಸೋಲಿಸುವ ಆಸೆಗೆ ನನ್ನ ಅರ್ಧ ಗಂಟೆಯನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ.

ನಾಲ್ಕಾರು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ, ಮಣ್ಣಿನ ಪಾತ್ರೆಯನ್ನೂ ಕಬ್ಬಿಣದ್ದನ್ನೂ ಆ ಮಿಶನ್ನಿಗೆ ಹಾಕಬಾರದೆಂದು ನಿಮ್ಮ ಅಪ್ಪ ಪುಸ್ತಕ ನೋಡಿ ಹೇಳಿದ್ದು ನೆನಪಾಯಿತು. ಅಟ್ಟದಿಂದ ಮೀನಿನ ಚಟ್ಟಿಯನ್ನು ಇಳಿಸಿದೆ. ಕಬ್ಬಿಣದ ಕಾವಲಿಯನ್ನೂ ತೆಂಗಿನ ಚಿಪ್ಪಿನ ಸೌಟುಗಳನ್ನೂ ಇಳಿಸಿದೆ. ಒಂದು ದಿನ ಚಟ್ಟಿಯಲ್ಲಿ ಮೀನು, ಒಂದು ದಿನ ಬಸಳೆ, ಒಂದು ದಿನ ಹುರುಳಿ ಸಾರು. ನಿಮ್ಮ ಅಪ್ಪ ಬೆರಳು ನೆಕ್ಕಿ ಉಂಡ. ಊಟವಾದ ಮೇಲೆ ನಾನೊಬ್ಬಳೇ ಸಿಂಕಿನಲ್ಲಿ, ಸ್ವಲ್ಪ ಜೋರಾಗಿಯೇ ಶಬ್ದ ಮಾಡುತ್ತಾ ತಿಕ್ಕುತ್ತಿದ್ದೆ.

"ಅತ್ತೆ, ಇವತ್ತೂ ಚಟ್ಟಿಯಾ?" ನಿಮ್ಮ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅದರಲ್ಲಿ ರುಚಿ ಬರ್ತದೆ."

"ರುಚಿಗಾ?"

ನಾನು ಗೋಡೆ ನೋಡಿದೆ. ಅವಳು ವೇಲನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದು ಕಾವಲಿಯನ್ನು ನನ್ನ ಮುಂದಿನಿಂದ ಎಳೆದುಕೊಂಡಳು. "ಮೊನ್ನೆ ಒಬ್ರು ರವಕೆಗೆ ಅಳತೆ ಕೊಟ್ಟದ್ದು ಕೇಳಿ ಅತ್ತೆ. ಅವರದ್ದಲ್ಲ, ಅವರ ತಂಗಿದು!" ಎಂದು ಶುರುಮಾಡಿದಳು.

ಜಗಲಿಯಲ್ಲಿ ಅವಳ ಫೋನು ಬಡಿದುಕೊಂಡಿತು.

"ಅಮ್ಮನದ್ದು," ಎಂದಳು. "ಕೈ ಒದ್ದೆ ಉಂಟು. ಮತ್ತೆ ಮಾಡ್ತೇನೆ."

ಫೋನು ಬಡಿದು ಬಡಿದು ನಿಂತಿತು. ನನ್ನ ಕೈಯಲ್ಲಿದ್ದ ಚಟ್ಟಿ ಆಗಲೇ ಚೊಕ್ಕವಾಗಿತ್ತು. ನಾನು ಅದಕ್ಕೆ ಇನ್ನೊಂದು ಚೊಂಬು ನೀರು ಹೊಯ್ದು, ನಾರು ತೆಗೆದುಕೊಂಡು ಮೊದಲಿನಿಂದ ತಿಕ್ಕತೊಡಗಿದೆ.