ನೊಣಗಳ ಸಜ್ಜಕಕ್ಕೆ ಕರಿ ಬೆಲ್ಲ

“ನೊಣಾ ಸಾಕಾಕ ಮೈಸೂರಿಂದ ಇಲ್ಲೀತನಕಾ ಬಂದೀರೇನ್ರಿ ಅಕ್ಕಾರ? ನಮ್ಮ ಬಸ್ ಸ್ಟ್ಯಾಂಡಿನ್ಯಾಗ ಬೇಕಾದಷ್ಟು ಅದಾವಲ್ರೀ!”

ಜಮಖಂಡಿಯ ಬಾಡಿಗೆ ಮನೆಯಲ್ಲಿ ನಾನು ಗಾಜಿನ ಬಾಟಲಿಗಳನ್ನು ಇಳಿಸುತ್ತಿದ್ದಾಗ ಮನೆಯೊಡತಿ ಗಂಗವ್ವ ಕೇಳಿದ ಮೊದಲ ಪ್ರಶ್ನೆ ಇದು. ಪಿಎಚ್‌.ಡಿ. ಪರೀಕ್ಷಕರೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ನನ್ನ ಕೆಲಸ ಹಣ್ಣಿನ ನೊಣಗಳ ಜೊತೆ, ಎಳ್ಳುಕಾಳಿನಷ್ಟು ಜೀವ. ಮೈಸೂರಿನಲ್ಲಿ ಓದುತ್ತಿದ್ದಾಗ, ರೆಕ್ಕೆ ಬಿಚ್ಚದೆ ಮುದುಡಿಕೊಂಡೇ ಉಳಿಯುವ ಒಂದು ತಳಿ ನನ್ನ ಕಣ್ಣಿಗೆ ಬಿತ್ತು. ಯಾವ ಜೀನ್ ಕೆಟ್ಟಿದೆ, ಮರಿಹುಳು ನೊಣವಾಗುವ ಕೋಶದೊಳಗೆ ರೆಕ್ಕೆ ರೂಪುಗೊಳ್ಳುವಾಗ ಎಲ್ಲಿ ಎಡವುತ್ತದೆ ಎಂದು ಹುಡುಕುವುದರಲ್ಲೇ ನನ್ನ ಯೌವನ ಕಳೆಯಿತು. ಈ ತಳಿಯನ್ನು ಬೀಜದ ಹಾಗೆ ಡಬ್ಬಿಯಲ್ಲಿ ಎತ್ತಿಡಲಾಗದು. ತಲೆಮಾರಿನ ಮೇಲೆ ತಲೆಮಾರು ಸಾಕುತ್ತಲೇ ಇರಬೇಕು. ಗುರುಗಳು ನಿವೃತ್ತರಾದ ಮೇಲೆ ಅಲ್ಲಿ ಸಾಕುವವರಿರಲಿಲ್ಲ. ಇಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ. ಇವು ಹೋದರೆ ಆ ತಳಿಯೂ ಹೋಯಿತು, ನನ್ನ ಸಂಶೋಧನೆಯೂ ಹೋಯಿತು.

ಮೈಸೂರಿನಲ್ಲಿ ಹಿಂಡಿ ಎಂದರೆ ದನಕ್ಕೆ ಹಾಕುವುದು. ಇಲ್ಲಿ “ಹಿಂಡಿ ಹಚ್ಕೊಂಡು ಉಣ್ರಿ” ಎಂದು ತಟ್ಟೆಗೇ ಬಡಿಸಿದಾಗ ಗಾಬರಿಯಾದೆ. ನೋಡಿದರೆ ಶೇಂಗಾ ಚಟ್ನಿಪುಡಿ, ಜೊತೆಗೆ ಗಟ್ಟಿ ಮೊಸರು! ಮುದ್ದೆ ನುಂಗಿ ಬೆಳೆದವಳು ಖಡಕ್ ರೊಟ್ಟಿ ಅಗಿಯುವುದನ್ನು ಕಲಿತೆ. ಸಂಜೆ ಮಾತ್ರ ಒಬ್ಬಳೇ ಕೂತು ಅಮ್ಮನ ಸಾರು ನೆನೆಯುತ್ತಿದ್ದೆ.

ನೊಣಗಳ ಊಟಕ್ಕೆ ರವೆ, ಬೆಲ್ಲ, ಯೀಸ್ಟ್ ಬೇಕು. ನಾನು ರವೆ ಕುದಿಸುವುದನ್ನು ಕಂಡ ಗಂಗವ್ವ “ನೊಣಕ್ಕ ಸಜ್ಜಕ ಮಾಡ್ತಾರವ್ವಾ!” ಎಂದು ಓಣಿಗೆಲ್ಲ ಸಾರಿದರು. ಸಜ್ಜಕ ಇಲ್ಲಿ ರವೆ-ಬೆಲ್ಲದ ಹಬ್ಬದ ಸಿಹಿ. ಬೆಲ್ಲ ಕೊಳ್ಳಲು ಅವರು ಬಿಡಲೇ ಇಲ್ಲ. ಹತ್ತಿರದ ರನ್ನ ಬೆಳಗಲಿಯಲ್ಲಿ ಅವರ ತಮ್ಮನ ಕಬ್ಬಿನ ಗಾಣವಿದೆ. ಅಲ್ಲಿಂದ ಬಂಗಾರದ ಬಣ್ಣದ ಪೆಂಟಿ ತರಿಸಿಕೊಟ್ಟರು. ಬೆಲ್ಲದ ದೊಡ್ಡ ಮುದ್ದೆಗೆ ಇಲ್ಲಿ ಪೆಂಟಿ ಎನ್ನುತ್ತಾರೆ.

ಆಮೇಲೆ ಮರಿಹುಳುಗಳು ಸಾಯತೊಡಗಿದವು. ಬಿಸಿಲಿನದೇ ಕಾರುಬಾರು ಎಂದುಕೊಂಡು ಬಾಟಲಿಗಳಿಗೆ ಒದ್ದೆ ಬಟ್ಟೆ ಸುತ್ತಿದೆ, ಕಾಲೇಜಿನ ಏಸಿ ಕೋಣೆಗೆ ಹೊತ್ತೊಯ್ದೆ. ಯಾವುದೂ ಫಲಿಸಲಿಲ್ಲ. ಒಂದೇ ಬಾಟಲಿಯಲ್ಲಿ ಜೀವ ಉಳಿದ ದಿನ ಗಂಗವ್ವನವರ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅವರು ಚಹಾಕ್ಕಿಟ್ಟರು. ಡಬ್ಬಿಯಿಂದ ತೆಗೆದ ಬೆಲ್ಲ ಕಪ್ಪಗಿತ್ತು. ನನ್ನ ಅಳು ಅಲ್ಲೇ ನಿಂತಿತು.

“ಇದ್ಯಾಕೆ ಕಪ್ಪಗಿದೆ?”

“ಇದು ನಾವು ಮನ್ಯಾಗ ತಿನ್ನೂದ್ರಿ. ನಿಮಗ ಕೊಟ್ಟಿದ್ದು ಪುಡಿ ಹಾಕಿ ಬಣ್ಣ ತಗದದ್ದು, ಪ್ಯಾಟಿಗೆ ಹೋಗೂದು. ಬಂದ ಮಂದಿ ಮುಂದ ಕರಿ ಬೆಲ್ಲ ಇಡೂದು ಹೆಂಗ್ರಿ? ಮರ್ಯಾದಿ ಅನ್ನೂದು ಇರ್ತೈತಲ್ಲ.”

ಮರಿಹುಳು ಬದುಕುವುದೇ ಯೀಸ್ಟ್ ತಿಂದು. ಬೆಲ್ಲದ ಬಣ್ಣ ತೆಗೆಯುವ ಆ ಪುಡಿ ಯೀಸ್ಟನ್ನು ಬೆಳೆಯಗೊಡುತ್ತಿಲ್ಲವೇ? ಪರೀಕ್ಷೆಗೆ, ಸತ್ತರೂ ನಷ್ಟವಿಲ್ಲದ ಬೇರೆ ನೊಣ ಬೇಕಿತ್ತು. ಕಡೆಗೂ ಬಸ್ ಸ್ಟ್ಯಾಂಡಿಗೇ ಹೋಗಿ, ಬಾಳೆಹಣ್ಣಿನ ಗಾಡಿಯ ಬಳಿ ಹಿಡಿದು ತಂದೆ. ಗಂಗವ್ವ ನಕ್ಕಿದ್ದೇ ನಕ್ಕಿದ್ದು. ಹಳದಿ ಬೆಲ್ಲದ ಬಾಟಲಿಯಲ್ಲಿ ಮರಿಗಳು ಸತ್ತವು, ಕರಿ ಬೆಲ್ಲದ್ದರಲ್ಲಿ ಕೊಬ್ಬಿ ಬೆಳೆದವು. ನನ್ನ ಕೊನೆಯ ಬಾಟಲಿಯ ನೊಣಗಳಿಗೂ ಕರಿ ಬೆಲ್ಲದ ಸಜ್ಜಕವೇ ಆಯಿತು. ಒಂದು ಬೆಳಿಗ್ಗೆ ಕೋಶ ಒಡೆದು, ಮುದುಡಿದ ರೆಕ್ಕೆಯ ಹೊಸ ನೊಣವೊಂದು ಗಾಜಿನ ಮೇಲೆ ಹತ್ತುತ್ತಿತ್ತು. ಕುಣಿಯುವಷ್ಟು ಖುಷಿಯಾಯಿತು.

“ಇನ್ನ ಇವು ಮಂದಿ ಅಲ್ಲ ಬಿಡ್ರಿ, ಮನಿಯವು ಆದ್ವು” ಎಂದರು ಗಂಗವ್ವ. ಅಂದಿನಿಂದ ನನ್ನ ತಟ್ಟೆಗೂ ಕರಿ ಬೆಲ್ಲ.

ಮೊನ್ನೆ ರಜೆಗೆ ಮೈಸೂರಿಗೆ ಹೋಗಿದ್ದೆ. ಅಮ್ಮ ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಸಿದ್ದಳು, ಶೋಕೇಸಿನ ಲೋಟದಲ್ಲಿ ಕಾಫಿ ಕೊಟ್ಟಳು. ಒಬ್ಬಟ್ಟು ಬಡಿಸುತ್ತ, “ನೀನು ಬರ್ತೀಯಾಂತ ಅಂಗಡಿ ಅಂಗಡಿ ಸುತ್ತಿ ಒಳ್ಳೇ ಬಣ್ಣದ ಬೆಲ್ಲ ತಂದೆ ಕಣೇ” ಎಂದಳು.

ಗಂಗವ್ವನವರ ‘ಬಂದ ಮಂದಿ’ ನೆನಪಾಗಿ ನಗು ಬಂತು. ಊಟವಾದ ಮೇಲೆ ನನ್ನ ಚೀಲದಲ್ಲಿದ್ದ ಕರಿ ಪೆಂಟಿಯನ್ನು ಅಡುಗೆಮನೆಗೆ ಒಯ್ದು, ಬೆಲ್ಲದ ಡಬ್ಬಿ ಯಾವಾಗಲೂ ಇರುತ್ತಿದ್ದ ಕಡೆ ಕೈ ಚಾಚಿದೆ. ಅದು ಅಲ್ಲಿರಲಿಲ್ಲ. ಎಲ್ಲಿಟ್ಟಿದ್ದೀಯೆಂದು ಅಮ್ಮನನ್ನು ಕೇಳಬೇಕಾಯಿತು.