ತೊಳೆದ ಮಂಚ

ಮಂಚವೊಂದು ಬಸ್ಸಿನ ಡಿಕ್ಕಿಯಲ್ಲಿ ಕೂತು ರಾಯಚೂರಿನಿಂದ ಮಾನ್ವಿಗೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಎರಡು ರಟ್ಟಿನ ಡಬ್ಬಿ, ಅಷ್ಟೇ. ಲಗೇಜಿನ ಟಿಕೆಟ್ ಕೊಡುತ್ತ ಕಂಡಕ್ಟರು, "ಏನದರೀ ಅಕ್ಕಾರ ಇದರಾಗ?" ಎಂದು ಕೇಳಿದ. "ಮಂಚ ರೀ" ಎಂದೆ. "ಕಾಲು ಮಡಚಿಕೊಂಡು ಮಲಗ್ಯದೇನ್ರೀ?" ಎಂದು ನಕ್ಕ. ನಾನೂ ನಕ್ಕೆ. ಆದರೂ ದಾರಿಯುದ್ದಕ್ಕೂ ಅದೇ ಬೆರಗು. ಆರಡಿಯ ಮಂಚ, ನಾಲ್ಕು ಜನ ಹೊರಬೇಕಾದದ್ದು, ನಾನೊಬ್ಬಳೇ ಎಳೆದಾಡುವಷ್ಟು ಸಣ್ಣದಾಗಿ ಹೇಗೆ ಕೂತಿತು?

ಮಂಚ ಬೇಕಾಗಿದ್ದದ್ದು ನಮ್ಮ ಅತ್ತೆಯವರಿಗೆ. ಹಿಂದಿನ ವರ್ಷ ದೇವದುರ್ಗಕ್ಕೆ ಬಳಗದವರ ಮುಂಜಿಗೆಂದು ಹೋಗಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಪರೇಶನ್ ಆಗಿ ಕೋಲು ಹಿಡಿದು ನಡೆಯುವಂತಾದರು. ಆದರೆ ತುಸು ಹೊತ್ತು ನಿಂತರೆ ಸಾಕು, ಕಾಲು ಚಾಚಿ ಒರಗಲೇಬೇಕು. ಚಾಪೆಯ ಮೇಲೆ ಒರಗಿದರೆ ಮತ್ತೆ ಏಳಲು ಇನ್ನೊಬ್ಬರ ಕೈ ಬೇಕು. ಕೈ ಹಿಡಿದರೆ ಮಡಿ ಹೋಯಿತು. ಹೀಗಾಗಿ ನಲವತ್ತು ವರ್ಷ ದೇವರ ನೈವೇದ್ಯಕ್ಕೆ ಮಡಿಯಲ್ಲಿ ಅಡುಗೆ ಮಾಡಿದ ಜೀವ, ಒಲೆ ಬಿಟ್ಟು ಮೂಲೆಗೆ ಕೂತಿತ್ತು. ಊಟ ಕಡಿಮೆಯಾಯಿತು, ಮಾತು ಇನ್ನೂ ಕಡಿಮೆಯಾಯಿತು. ಮಡಿ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೆ ಅವರು ಹಾಗೆ ಕೂತದ್ದನ್ನು ನೋಡಲು ಆಗುತ್ತಿರಲಿಲ್ಲ.

ನಮ್ಮ ಮಂಚ ಕೊಡೋಣವೆಂದರೆ ಅದು ಹತ್ತಿಯ ಗಾದಿಯದು, ಮೈಲಿಗೆ; ಮಡಿಗೆ ಬರಿಯ ಹಲಗೆಯೇ ಬೇಕು. ದೇವರಮನೆಯ ಪಕ್ಕದ ಅವರ ಕೋಣೆಗೆ ಇರುವ ಬಾಗಿಲೂ ಕಿರಿದು. ಸಾಗವಾನಿ ಮಂಚ ಮಾಡಿಸೋಣವೆಂದರೆ ನಮ್ಮವರು ದೇವಸ್ಥಾನದ ಅರ್ಚಕರು, ನಾನು ಖಾಸಗಿ ಶಾಲೆಯ ಟೀಚರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಮ್ಮ ಮನೆ ನೋಡಿಯೇ ಕಟ್ಟಿರಬೇಕು. ಅತ್ತೆಯವರ ಮೊಣಕಾಲಿನಿಂದ ನೆಲದವರೆಗೆ ನೂಲಿನಲ್ಲಿ ಅಳತೆ ತೆಗೆದುಕೊಂಡು ರಾಯಚೂರಿಗೆ ಹೋದೆ. ಅಂಗಡಿಯಲ್ಲಿ ಮಂಚ ಮಂಚಕ್ಕೂ ಆ ನೂಲು ಹಿಡಿದೆ. ಅಂಗಡಿಯವರು, "ಮೇಡಂ, ಇದಕ್ಕೇನು ಅಂಗಿ ಹೊಲಸ್ತೀರೇನ್ರೀ?" ಎಂದರು. ನೂಲಿಗೂ ನಮ್ಮ ಜೇಬಿಗೂ ಹೊಂದಿದ್ದು ಒಂದೇ ಒಂದು, ಬಿಚ್ಚಿ ಜೋಡಿಸುವ ಈ ಮಂಚ.

ಸಂಜೆ ಡಬ್ಬಿ ಒಡೆದು ಹಲಗೆಗಳನ್ನು ಪಡಸಾಲೆಯ ಗೋಡೆಗೆ ಒರಗಿಸಿಟ್ಟೆವು. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಉದ್ದನೆಯ ಎರಡು ಹಲಗೆ ಮತ್ತು ತಲೆದೆಸೆಯ ಹಲಗೆ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದವು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಅತ್ತೆಯವರು, ಕೈಯಲ್ಲಿ ನಳದ ಪೈಪು.

"ಅಂಗಡಿ ಸಾಮಾನು. ಯಾರ್ಯಾರು ಮುಟ್ಯಾರೋ ಏನೋ. ಹಂಗs ದೇವರಮನಿ ಬಾಜೂಕ ಇಡಲಿಕ್ಕೆ ಬರ್ತದೇನು? ಮಗನ ಕಡಿಂದ ಹೊರಗ ಇಡಿಸಿ ತೊಳದೀನಿ" ಎಂದರು.

ಅದು ಮರವಲ್ಲ, ಮರದ ಪುಡಿಯನ್ನು ಒತ್ತಿ ಮಾಡಿದ್ದು ಎಂದು ನಾನು ಹೇಳಿರಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದೆ. ಹಲಗೆಗಳ ತುದಿಗಳು ನೆನೆದ ಅವಲಕ್ಕಿಯ ಹಾಗೆ ಉಬ್ಬಿದ್ದವು. ಜೋಡಿಸುವ ಮರದ ಗೂಟಗಳು ಒಂದೂ ತೂತಿನಲ್ಲಿ ಇಳಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಇನ್ನೊಂದು ಮಂಚ ಕೊಳ್ಳುವ ತಾಕತ್ತು ನಮಗಿರಲಿಲ್ಲ. ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. "ಕೇಳಿ ತೊಳೀಬೇಕಾಗಿತ್ರೀ" ಎಂದು ಜೋರಾಗಿಯೇ ಅಂದೆ. ನಾನೇ ಹೇಳದೆ ಮುಚ್ಚಿಟ್ಟದ್ದನ್ನು ಮಾತ್ರ ಆಗ ನೆನೆಯಲಿಲ್ಲ.

ಅತ್ತೆಯವರು ಹಲಗೆಯ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ನಂದs ತಪ್ಪಾತವಾ. ಬಾಗಿಲಿಗೆ ಬಣ್ಣ ಹಚ್ಚೋ ಮುಂದ ತಿಕ್ತಾರಲ್ಲ, ಆ ಉಸುಕಿನ ಕಾಗದ ತರಿಸಿಕೊಡು" ಎಂದರು. ಅವರ ಬಾಯಿಂದ ತಪ್ಪಾಯಿತು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಹಲಗೆಗಳು ಪೂರಾ ಒಣಗಿದ ಮೇಲೆ ಮೂರು ದಿನ ತಿಕ್ಕಿದರು. ಕುರ್ಚಿಯಲ್ಲಿ ಕೂತು, ಹಲಗೆಯ ತುದಿಯನ್ನು ತೊಡೆಯ ಮೇಲಿಟ್ಟುಕೊಂಡು, ಅವಸರವಿಲ್ಲದೆ, ದೇವರಿಗೆ ಗಂಧ ತೇಯುವ ಅದೇ ಕೈಯಿಂದ. ತೂತುಗಳ ಒಳಗೆ ಕಾಗದವನ್ನು ಪೆನ್ಸಿಲಿಗೆ ಸುತ್ತಿ ತಿರುಗಿಸಿದರು. ಸ್ವಲ್ಪ ತಿಕ್ಕುವುದು, ಗೂಟ ಹಚ್ಚಿ ನೋಡುವುದು, ಮತ್ತೆ ತಿಕ್ಕುವುದು. ನಾನಾಗಿದ್ದರೆ ಮೊದಲ ತಾಸಿನಲ್ಲೇ ಸುತ್ತಿಗೆ ಎತ್ತುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಕೊನೆಯ ಗೂಟ ಟಕ್ ಎಂದು ಇಳಿಯಿತು. ನಾನು ಅವರ ಕೈಯನ್ನೇ ನೋಡುತ್ತ ಕೂತಿದ್ದೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಆ ಕೈಗಳನ್ನು ಅಷ್ಟು ಸರಿಯಾಗಿ ನೋಡಿರಲಿಲ್ಲ.

ಡಬ್ಬಿಯಲ್ಲಿ ಬಂದ ಹಾಳೆಯ ಮೇಲಿನ ಚಿತ್ರ ನೋಡಿ ನಾನೂ ನಮ್ಮವರೂ ಕೋಣೆಯ ಒಳಗೇ ಮಂಚ ಜೋಡಿಸಿದೆವು. ತುದಿಗಳು ಒರಟಾಗಿ ಕಾಣುತ್ತಿದ್ದವು, ಬಣ್ಣ ಹೋಗಿತ್ತು. ನಮ್ಮವರು ಮೊದಲು ಮೆಲ್ಲಗೆ ಕೂತರು, ಆಮೇಲೆ ಭಾರ ಬಿಟ್ಟು ಕೂತರು. ಮಂಚ ಮಿಸುಕಲಿಲ್ಲ.

ಎರಡು ದಿನಕ್ಕೆ ದ್ವಾದಶಿ ಬಂತು. ಬೆಳಗಿನ ಜಾವ ಒಗ್ಗರಣೆಯ ವಾಸನೆಗೆ ಎಚ್ಚರಾಯಿತು. ಎದ್ದು ಹೋಗಿ ನೋಡಿದರೆ ಅತ್ತೆಯವರು ಮಡಿಸೀರೆಯಲ್ಲಿ ಬರಿಯ ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದಾರೆ. ಆಚೆ ಮಡಿಯ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅದರ ಸದ್ದು ಕೇಳಿ ಅವರು ಕಾಲು ಕೆಳಗಿಳಿಸಿದರು. ರೂಢಿಯಂತೆ ನಾನು ಕೈ ಚಾಚಿಕೊಂಡು ಓಡಿದೆ.

"ದೂರ ನಿಂದ್ರು" ಎಂದರು. "ಮಡಿಯೊಳಗಿದೀನಿ, ಮುಟ್ಟಬ್ಯಾಡ."

ಎರಡೂ ಅಂಗೈಗಳನ್ನು ಮಂಚದ ಅಂಚಿಗೆ ಊರಿದರು. ಒಂದು ಸಲ ಉಸಿರು ಬಿಟ್ಟು, ತಾವೇ ಎದ್ದು ನಿಂತರು. ಮುಟ್ಟಬ್ಯಾಡ ಎಂಬುದು ನಾನು ಆ ಮನೆಗೆ ಬಂದಾಗಿನಿಂದ ಕೇಳಿ ಕೇಳಿ ಸಿಡುಕಿದ ಮಾತು. ಅವತ್ತು ಸಿಡುಕಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಅವರಿಗೆ ದಾರಿ ಬಿಟ್ಟೆ.